ತಿಥಿಯ ದಿನದ ದಾಕು

ನಮ್ಮ ಮಲೆನಾಡಿನ ಹಳೆಯ ಮನೆಗಳಲ್ಲಿ, ಸಿಡುಬು ಬಾರದಿರಲೆಂದು ಮಕ್ಕಳ ತೋಳಿಗೆ ಗೀರಿಸುತ್ತಿದ್ದುದನ್ನು ದಾಕು ಹಾಕಿಸುವುದು ಎಂದು ಕರೆಯುತ್ತಿದ್ದರು. ಈಗಿನವರು ಲಸಿಕೆ ಎನ್ನುತ್ತಾರೆ. ಶಬ್ದ ಯಾವುದಾದರೇನು, ನನ್ನ ನಾಲಗೆಗೆ ಹಳೆಯದೇ ಹತ್ತಿರವಾಗಿರುವುದರಿಂದ ಅದನ್ನೇ ಬಳಸಲು ವಾಚಕರ ಅಪ್ಪಣೆ ಬೇಡುತ್ತೇನೆ. ೨೦೨೧ನೆಯ ಇಸವಿ ಏಪ್ರಿಲ್ ೬ರಂದು, ಎಂದರೆ ಶಾರ್ವರಿ ಸಂವತ್ಸರದ ಫಾಲ್ಗುಣ ಬಹುಳ ದಶಮಿ ಮಂಗಳವಾರ, ನಾನು ಕೊರೋನಾ ರೋಗದ ದಾಕು ಹಾಕಿಸಿಕೊಂಡೆನು. ಕೋಟ್ಯಂತರ ಜನ ಮಾಡಿದ ಕೆಲಸವನ್ನು ತಾನೂ ಮಾಡಿದೆನೆಂದು ಈತ ಬರೆಯಹೊರಟಿರುವುದೇಕೆ ಎಂದು ಯಾರಾದರೂ ಕೇಳಬಹುದು. ಆ ದಿನ ನಮ್ಮ ತಂದೆಯವರ ಶ್ರಾದ್ಧವಾಗಿತ್ತು. ಶ್ರಾದ್ಧದ ದಿನ ಕರ್ತೃವಾದವನು ಔಷಧವನ್ನು ಮುಟ್ಟಕೂಡದು.

ಇದು ನಾನು ಕಲ್ಪಿಸಿ ಹೇಳಿದ್ದಲ್ಲ. ಹಲ್ಲುಕಡ್ಡಿ, ತಾಂಬೂಲ, ಎಣ್ಣೆಸ್ನಾನ, ಉಪವಾಸ, ಸ್ತ್ರೀಸಂಗ, ಔಷಧ, ಪರಾನ್ನ ಎಂಬ ಏಳನ್ನು ಆ ದಿನ ಬಿಡಬೇಕೆಂದು ಧರ್ಮಶಾಸ್ತ್ರದಲ್ಲಿ ಹೇಳಿದೆ. ಪಾಠಶಾಲೆಯಲ್ಲಿ ನನಗೆ ಹದಿನಾಲ್ಕು ವರ್ಷವಾಗಿದ್ದಾಗ ಈ ಪಟ್ಟಿಯನ್ನು ಬಾಯಿಪಾಠ ಮಾಡಿಸಿದ್ದರು. ಐದನೆಯದು ಬಂದಾಗ ಹುಡುಗರೆಲ್ಲ ಒಬ್ಬರ ಮುಖ ಒಬ್ಬರು ನೋಡಿ ನಗುತ್ತಿದ್ದೆವು. ಆರನೆಯದು ಐವತ್ತು ವರ್ಷದ ಮೇಲೆ ನನ್ನನ್ನು ಹಿಡಿದು ನಿಲ್ಲಿಸೀತೆಂದು ಆಗ ಯಾರಿಗೆ ಗೊತ್ತಿತ್ತು?

ಆದರೆ ಮೊದಲು ನನ್ನ ದೋಷವನ್ನು ಹೇಳಿಬಿಡಬೇಕು. ಅರವತ್ತು ದಾಟಿದವರಿಗೆ ದಾಕು ಹಾಕುವ ಕಾರ್ಯ ಆ ವರ್ಷ ಮಾರ್ಚ್ ೧ರಿಂದಲೇ ನಡೆದಿತ್ತು. ನನಗೆ ಅರವತ್ತಮೂರು. ಬೆಂಗಳೂರಿನಲ್ಲಿರುವ ಮಗಳು ದಿನಕ್ಕೆರಡು ಸಲ ದೂರವಾಣಿಯಲ್ಲಿ “ಆಯಿತೇ ಅಪ್ಪಯ್ಯ?” ಎಂದು ಕೇಳುವಳು. ಒಂದು ದಿನ ಬಿಸಿಲು ಹೆಚ್ಚೆಂದೆನು. ಒಂದು ದಿನ ಅಡಕೆಯ ಲೆಕ್ಕವಿದೆಯೆಂದೆನು. ಮಾರ್ಚ್ ನಡುವಿನಲ್ಲಿ, ಆ ಔಷಧದಿಂದ ರಕ್ತ ಹೆಪ್ಪುಗಟ್ಟುವುದೆಂಬ ಶಂಕೆಯಿಂದ ಯೂರೋಪಿನ ಕೆಲವು ದೇಶಗಳು ಅದನ್ನು ತಡೆಹಿಡಿದಿವೆಯೆಂದು ಪತ್ರಿಕೆಯಲ್ಲಿ ಬಂದಿತು. ನಮ್ಮಲ್ಲಿ ಕೋವಿಶೀಲ್ಡ್ ಎಂಬ ಹೆಸರಿನಿಂದ ಪುಣೆಯಲ್ಲಿ ತಯಾರಾಗುತ್ತಿದ್ದುದು ಅದೇ ಔಷಧ. ಮೂರು ನಾಲ್ಕು ದಿನಗಳಲ್ಲಿಯೇ ಅಲ್ಲಿನ ಪ್ರಾಧಿಕಾರವು ಇದರಿಂದಾಗುವ ಪ್ರಯೋಜನವೇ ಅಪಾಯಕ್ಕಿಂತ ಹೆಚ್ಚೆಂದು ಹೇಳಿತು. ಆ ಎರಡನೆಯ ಸುದ್ದಿಯನ್ನೂ ನಾನು ಓದಿದೆನು. ಆದರೆ ಮನಸ್ಸಿನಲ್ಲಿ ನಿಂತದ್ದು ಮೊದಲನೆಯದು. ಮೂವತ್ತು ವರ್ಷ ಮಕ್ಕಳಿಗೆ ಪೂರ್ವಪಕ್ಷ ಸಿದ್ಧಾಂತಗಳ ಭೇದವನ್ನು ಬೋಧಿಸಿದವನ ಗತಿ ಇದು.

ಏಪ್ರಿಲ್ ೫ರ ಸಂಜೆ ಆಶಾ ಕಾರ್ಯಕರ್ತೆ ಬಂದಳು. ಮರುದಿನ ಊರಿನ ಆರೋಗ್ಯ ಉಪಕೇಂದ್ರಕ್ಕೆ ಔಷಧದ ಪೆಟ್ಟಿಗೆ ಬರುವುದೆಂದೂ ನಾಲ್ಕು ಗಂಟೆಯವರೆಗೆ ಹಾಕುವರೆಂದೂ ಮತ್ತೆ ಎಂದು ಬರುವುದೋ ಹೇಳಲಾರೆನೆಂದೂ ತಿಳಿಸಿದಳು. “ನಾಳೆ ನಮ್ಮ ಮನೆಯಲ್ಲಿ ತಿಥಿಯಮ್ಮ, ಔಷಧ ನಿಷಿದ್ಧ” ಎಂದೆನು. ಹಾಗೆ ಹೇಳುವಾಗ ನನಗೆ ಎಷ್ಟು ಹಗುರವಾಯಿತೆಂದರೆ, ಆ ಹಗುರದಿಂದಲೇ ನನ್ನ ಗುಟ್ಟು ನನಗೆ ಗೊತ್ತಾಗಬೇಕಾಗಿತ್ತು. ನನ್ನ ಹೆದರಿಕೆಗೆ ಮಡಿಯ ಪಂಚೆಯುಡಿಸಿ ಅಂಗಳದಲ್ಲಿ ನಿಲ್ಲಿಸಿದ್ದೆನು.

ಅವಳು ಹೋದ ಮೇಲೆ ನನ್ನ ಹೆಂಡತಿ ಒಳಗಿನಿಂದ, “ನೋಡಿ, ನೀವು ಹೋಗುವುದಾದರೆ ನಾನೂ ಬರುತ್ತೇನೆ. ನೀವು ಹೋಗದಿದ್ದರೆ ನನಗೂ ಬೇಡ” ಎಂದಳು. ನಲವತ್ತೈದು ದಾಟಿದವರೆಲ್ಲರಿಗೂ ಆ ತಿಂಗಳ ಮೊದಲ ತಾರೀಕಿನಿಂದ ಅವಕಾಶವಾಗಿತ್ತು. ಅವಳಿಗೆ ಉಬ್ಬಸದ ತೊಂದರೆಯುಂಟು. ಮತ್ತೇನೂ ಹೇಳದೆ ಅವಳು ಮಾರನೆಯ ದಿನಕ್ಕೆ ಉದ್ದನ್ನು ಆರಿಸುತ್ತ ಕುಳಿತಳು.

ಇಲ್ಲಿ ನಮ್ಮ ತಂದೆಯವರ ಮುಖದ ವಿಷಯ ಹೇಳಬೇಕು. ಅವರ ಮುಖದ ತುಂಬ ಸಿಡುಬಿನ ಕಲೆಗಳಿದ್ದುವು. ೧೯೩೫ರಲ್ಲಿ, ಅವರಿಗೆ ಒಂಬತ್ತು ವರ್ಷವಾಗಿದ್ದಾಗ, ದಾಕು ಹಾಕುವ ಸರಕಾರದ ಮನುಷ್ಯ ಊರಿಗೆ ಬಂದನಂತೆ. ನಮ್ಮ ಅಜ್ಜನವರು ಮಕ್ಕಳಿಬ್ಬರನ್ನೂ ಅಟ್ಟದ ಮೇಲೆ ಅಡಕೆಯ ಚೀಲಗಳ ಹಿಂದೆ ಕೂರಿಸಿ, ಮನೆಯಲ್ಲಿ ಮಕ್ಕಳಿಲ್ಲವೆಂದು ಹೇಳಿ ಕಳುಹಿಸಿದರು. ಹಸುವಿನ ರೋಗದ ರಸವನ್ನು ಮೈಗೆ ಸೇರಿಸುವುದು ಅವರಿಗೆ ಅಶುಚಿಯಾಗಿ ಕಂಡಿತು. ಆ ಬೇಸಿಗೆಯಲ್ಲಿಯೇ ಮನೆಗೆ ‘ಅಮ್ಮ’ ಬಂದಳು. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು. ಅಡಿಗೆಗೆ ಒಗ್ಗರಣೆ ಹಾಕುವುದನ್ನು ನಿಲ್ಲಿಸಿದರು. ರೋಗದ ಹೆಸರನ್ನು ಯಾರೂ ಎತ್ತಲಿಲ್ಲ. ಅಣ್ಣ ಬದುಕಿಕೊಂಡನು. ಆರು ವರ್ಷದ ತಮ್ಮ ಹನ್ನೊಂದನೆಯ ದಿನ ಹೋದನು. ಅವನೇ ನಾನು ಕಾಣದ ನನ್ನ ಚಿಕ್ಕಪ್ಪ. ಅಜ್ಜನವರು ಆಮೇಲೆ ಮೂವತ್ತು ವರ್ಷ ಬದುಕಿದ್ದರು. ಅಟ್ಟಕ್ಕೆ ಮಾತ್ರ ಒಂದು ಸಲವೂ ಹತ್ತಲಿಲ್ಲವೆಂದು ನಮ್ಮ ಅಜ್ಜಿ ಹೇಳುತ್ತಿದ್ದಳು.

ಉಪನಯನವಾಗದೆ ಹೋದ ಮಗುವಿಗೆ ವರ್ಷವರ್ಷದ ಶ್ರಾದ್ಧವಿಲ್ಲ, ಪಿಂಡವಿಲ್ಲ. ಆದರೆ ಶಾಸ್ತ್ರಕಾರರು ಅಂಥವರನ್ನು ಪೂರ್ತಿಯಾಗಿ ಮರೆತವರಲ್ಲ. ಬ್ರಾಹ್ಮಣರ ಭೋಜನವಾದ ಮೇಲೆ ಎಲೆಯ ಬಳಿ ದರ್ಭೆಯ ಮೇಲೆ ಒಂದಿಷ್ಟು ಅನ್ನವನ್ನು ಚೆಲ್ಲುವ ವಿಧಿಯುಂಟು; ಅದಕ್ಕೆ ವಿಕಿರವೆಂದು ಹೆಸರು. ಸಂಸ್ಕಾರವಾಗದೆ ತೀರಿಹೋದವರಿಗೆ ಸೇರತಕ್ಕ ಅನ್ನ ಅದು. ಅಜ್ಜನವರ ಶ್ರಾದ್ಧವನ್ನು ತಂದೆಯವರು ಮಾಡುತ್ತಿದ್ದಾಗ, ಎಲ್ಲ ಮಂತ್ರಗಳನ್ನೂ ನೀರು ಹರಿದಂತೆ ಹೇಳುವವರು ವಿಕಿರದ ಬಳಿಗೆ ಬಂದಾಗ ಒಂದು ಗಳಿಗೆ ತಡೆಯುತ್ತಿದ್ದರು. ಪುರೋಹಿತರು ಮರೆತರೆಂದು ಭಾವಿಸಿ ಎತ್ತಿಕೊಡುವರು. ಮರೆವಲ್ಲವೆಂಬುದು ನಮಗೆ ಗೊತ್ತಿತ್ತು.

ನನಗೆ ದಾಕು ಹಾಕಿಸಿದವರು ಅವರೇ. ದೇಶದಿಂದ ಸಿಡುಬನ್ನು ಹೊರಡಿಸುವ ರಾಷ್ಟ್ರೀಯ ಯೋಜನೆ ೧೯೬೨ರಲ್ಲಿ ಆರಂಭವಾಯಿತಷ್ಟೆ. ಅದಾದ ಒಂದೆರಡು ವರ್ಷಕ್ಕೆ ನಮ್ಮೂರಿಗೂ ದಾಕಿನವನು ಬಂದನು. ಹಲ್ಲುಗಳಿದ್ದ ಒಂದು ಸಣ್ಣ ಬಿಲ್ಲೆಯನ್ನು ತೋಳಿನ ಮೇಲಿಟ್ಟು ಗರ್ರನೆ ತಿರುಗಿಸುವನು. ಜನ ಹಿಂಜರಿದರು, ಅಮ್ಮ ಮುನಿದಾಳೆಂದರು. ಆಗ ನಮ್ಮ ತಂದೆಯವರು ದೇವಸ್ಥಾನದ ಕಟ್ಟೆಯ ಮೇಲೆ ಕುಳಿತು, ಬಂದವರನ್ನೆಲ್ಲ ಹತ್ತಿರಕ್ಕೆ ಕರೆದು, “ಅಮ್ಮ ನಮ್ಮ ಮನೆಗೆ ಬಂದಿದ್ದಳಪ್ಪ. ಹೋಗುವಾಗ ಬರೆದು ಹೋದದ್ದು ಇದು. ಓದಿಕೊಳ್ಳಿ” ಎಂದು ಮುಖವನ್ನು ತೋರಿಸುತ್ತಿದ್ದರು. ಮೊದಲು ಕೈ ಚಾಚಿಸಿದ್ದು ನನ್ನದು. ನಾನು ಊರಿಗೆಲ್ಲ ಕೇಳುವಂತೆ ಅತ್ತೆನು.

ಗೋವಿನ ಸಿಡುಬಿನಿಂದ ಮನುಷ್ಯನ ಸಿಡುಬನ್ನು ತಡೆಯುವ ಉಪಾಯವನ್ನು ಇಂಗ್ಲೆಂಡಿನ ಜೆನ್ನರನು ಒಬ್ಬ ಹುಡುಗನ ಮೇಲೆ ೧೭೯೬ರಲ್ಲಿ ಪ್ರಯೋಗಿಸಿದನು. ೧೮೦೨ರ ಜೂನ್ ೧೪ರಂದು ಮುಂಬಯಿಯಲ್ಲಿ ಮೂರು ವರ್ಷದ ಒಂದು ಹೆಣ್ಣುಮಗುವಿಗೆ ಅದನ್ನು ಹಾಕಿದರು. ನಮ್ಮ ದೇಶದಲ್ಲಿ ಅದೇ ಮೊದಲು. ಮೈಸೂರಿನ ಅರಮನೆಯ ರಾಣಿಯರದೆಂದು ಹೇಳುವ, ಅದೇ ಕಾಲಕ್ಕೆ ಸೇರಿದ ಒಂದು ವರ್ಣಚಿತ್ರವುಂಟು. ಅದರಲ್ಲಿ ಒಬ್ಬಳು ಸೆರಗನ್ನು ಸರಿಸಿ ತೋಳನ್ನು ತೋರಿಸುತ್ತಿರುವುದು ದಾಕಿನ ಪ್ರಚಾರಕ್ಕಾಗಿಯೇ ಎಂದು ಇತಿಹಾಸಜ್ಞರೊಬ್ಬರು ವಾದಿಸಿದ್ದಾರೆ. ವಾದ ನಿಜವಾದರೆ, ಅರಮನೆಯಲ್ಲಿ ತೋಳು ಮಾಡಿದ ಕೆಲಸವನ್ನು ನಮ್ಮೂರ ಕಟ್ಟೆಯ ಮೇಲೆ ಮುಖ ಮಾಡಿತೆನ್ನಬೇಕು. ಸಿಡುಬು ಲೋಕದಿಂದಲೇ ತೊಲಗಿತೆಂದು ೧೯೮೦ರ ಮೇ ೮ರಂದು ವಿಶ್ವ ಆರೋಗ್ಯ ಸಂಸ್ಥೆ ಸಾರಿದ ಸುದ್ದಿಯನ್ನು ನಾನು ತಂದೆಯವರಿಗೆ ಓದಿ ಹೇಳಿದ್ದೆನು. ಕೇಳಿ ಸುಮ್ಮನೆ ಎದ್ದು ಹಟ್ಟಿಯ ಕಡೆಗೆ ಹೋದರು.

ಶ್ರಾದ್ಧದ ಬೆಳಿಗ್ಗೆ ಪುರೋಹಿತರು ಬಂದಾಗ ನನ್ನ ಸಂಶಯವನ್ನು ಮುಂದಿಟ್ಟೆನು. ನಾನೇ ಒಂದು ಸಮಾಧಾನವನ್ನೂ ಹುಡುಕಿಕೊಂಡಿದ್ದೆನು: ರೋಗವಿದ್ದವನು ತೆಗೆದುಕೊಳ್ಳುವುದು ಔಷಧ, ನನಗೆ ರೋಗವಿಲ್ಲ, ಆದುದರಿಂದ ದಾಕು ಔಷಧವಲ್ಲ. ಬಾಯಿಂದ ಹೊರಟೊಡನೆಯೇ ಅದು ನಿಲ್ಲದೆಂದು ತೋರಿತು. ಸ್ವಸ್ಥನಿಗೆ ಬಲವನ್ನು ಕೊಡುವುದು, ಆರ್ತನ ರೋಗವನ್ನು ಕಳೆಯುವುದು ಎಂದು ಚರಕನು ಔಷಧವನ್ನು ಎರಡು ಬಗೆಯಾಗಿ ವಿಭಾಗಿಸಿದ್ದಾನೆ. ಮೊದಲನೆಯದಕ್ಕೆ ದಾಕು ಸೇರಿಯೇ ಸೇರುತ್ತದೆ. ಪುರೋಹಿತರು ಪಂಚೆಯನ್ನು ಸರಿಮಾಡಿಕೊಳ್ಳುತ್ತ, “ಮೇಷ್ಟ್ರೇ, ಚರಕ ಇರಲಿ. ಮುಂದಿನ ವರ್ಷ ಈ ತಿಥಿಗೆ ಕರ್ತೃ ಬೇಕೋ ಬೇಡವೋ?” ಎಂದರು. ಅವರು ತಮ್ಮದನ್ನು ಮಾರ್ಚ್ ಮೊದಲ ವಾರದಲ್ಲಿಯೇ ಮುಗಿಸಿದ್ದರಂತೆ.

ನಾನು ಆಗಲೂ ಒಪ್ಪಲಿಲ್ಲ. ನೋಡೋಣವೆಂದೆನು. ಬ್ರಾಹ್ಮಣರು ಊಟ ಮುಗಿಸಿದಾಗ ಎರಡು ಗಂಟೆಯಾಗಿತ್ತು. ವಿಕಿರಕ್ಕೆ ಅನ್ನವನ್ನು ಕೈಯಲ್ಲಿ ಹಿಡಿದೆನು. ತಂದೆಯವರು ತೀರಿಕೊಂಡ ಮೇಲೆ ಇಪ್ಪತ್ತಾರು ವರ್ಷ ಆ ಅನ್ನವನ್ನು ಚೆಲ್ಲಿದ್ದೆನು, ಒಂದು ವರ್ಷವೂ ತಡೆದಿರಲಿಲ್ಲ. ನನಗೆ ಆ ಹುಡುಗ ಬರಿಯ ಒಂದು ಕಥೆ. ಈ ಸಲ ಕೈ ನಿಂತಿತು. ಅಟ್ಟದ ಮೇಲೆ ಚೀಲದ ಹಿಂದೆ ಕುಳಿತ ಇಬ್ಬರು ಮಕ್ಕಳೂ ಕೆಳಗೆ ನಿಂತು ‘ಇಲ್ಲ’ವೆಂದು ಹೇಳುತ್ತಿದ್ದ ತಾತನೂ ಕಣ್ಣಿಗೆ ಕಟ್ಟಿದಂತಾಯಿತು. ಹಿಂದಿನ ದಿನ ಅಂಗಳದಲ್ಲಿ ನಿಂತು ನಾನಾಡಿದ ಮಾತೂ ಅದೇ ಅಲ್ಲವೇ? ಅಜ್ಜನವರಿಗೆ ತಿಳಿಯದೆ ಹಾಗಾಯಿತು. ನಾನು ತಿಳಿದೂ ಹೇಳಿದ್ದೆನು. ಪುರೋಹಿತರು ಮಂತ್ರವನ್ನು ಎತ್ತಿಕೊಟ್ಟರು, ನಾನು ಚೆಲ್ಲಿದೆನು.

ಪಿಂಡಪ್ರದಾನವಾಗಿ, ನಮ್ಮ ಊಟವಾಗಿ, ಉಪಕೇಂದ್ರಕ್ಕೆ ಹೋಗುವಾಗ ಮೂರೂ ಮುಕ್ಕಾಲು. ಹೆಂಡತಿಗೆ ಬಿಸಿಲಿನಲ್ಲಿ ಏದುಸಿರು ಬಂದಿತ್ತು. ಸೂಜಿ ಹಿಡಿದ ಹುಡುಗಿ ನನ್ನ ತೋಳಿನ ಮೇಲೆ ಎಂಟಾಣೆಯಗಲದ ಎರಡು ಗುರುತುಗಳನ್ನು ನೋಡಿ, “ಇದೇನಜ್ಜ, ಬಿಸಿಜಿಯದೇ?” ಎಂದು ಕೇಳಿದಳು. ಸಿಡುಬಿನದೆಂದೆನು. ಅವಳು ಅಂಥದನ್ನು ಕಂಡಿರಲಿಲ್ಲ. ಪಕ್ಕದವಳನ್ನೂ ಕರೆದು ತೋರಿಸಿದಳು. ಮಾತಿನ ನಡುವೆ ಚುಚ್ಚಿ ಆಗಿಹೋಗಿತ್ತು. ಅರ್ಧ ಗಂಟೆ ಬೆಂಚಿನ ಮೇಲೆ ಕುಳಿತಿದ್ದು ಮನೆಗೆ ಬಂದೆವು. ರಾತ್ರಿ ಇಬ್ಬರಿಗೂ ಜ್ವರ. ಮರುದಿನ, ಏಪ್ರಿಲ್ ೭ರಂದು, ಆ ಔಷಧದಿಂದ ಅತ್ಯಂತ ವಿರಳವಾಗಿ ರಕ್ತ ಹೆಪ್ಪುಗಟ್ಟುವುದುಂಟೆಂದು ಯೂರೋಪಿನ ಪ್ರಾಧಿಕಾರವೇ ಒಪ್ಪಿತು. ಎಂದರೆ ನನ್ನ ಶಂಕೆ ಪೂರ್ತಿ ಸುಳ್ಳೂ ಅಲ್ಲ. ವಿರಳವೆಂಬ ಶಬ್ದದ ಅರ್ಥವನ್ನು ನಾನು ತೂಗಿ ನೋಡಲಿಲ್ಲವೆಂಬುದಷ್ಟೇ ತಪ್ಪು.

ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ಆ ದಿನ ಪಿತೃಸ್ಥಾನದಲ್ಲಿ ಕುಳಿತು ಊಟಮಾಡಿದ ಭಟ್ಟರು ನನಗಿಂತ ನಾಲ್ಕು ವರ್ಷ ಹಿರಿಯರು. ನಾನು ಹೊರಡುವ ಗಡಿಬಿಡಿಯಲ್ಲಿದ್ದಾಗ ಅವರು ಜಗುಲಿಯಲ್ಲಿ ವೀಳ್ಯ ಹಾಕುತ್ತಿದ್ದರು. “ಭಟ್ಟರೇ, ನೀವೂ ಬನ್ನಿ” ಎಂದೆನು. “ಯುಗಾದಿ ಕಳೆಯಲಿ ಮೇಷ್ಟ್ರೇ, ಹೊಸ ಸಂವತ್ಸರದಲ್ಲಿ ನೋಡೋಣ” ಎಂದರು. ಯುಗಾದಿಗೆ ಇನ್ನು ಏಳೇ ದಿನವಿತ್ತು. ಒಂದು ಗಳಿಗೆ ಕುಳಿತು ಮುಖ ತೋರಿಸಿ ಹೇಳುವುದಕ್ಕೆ ನನ್ನ ಮುಖದಲ್ಲಿ ಏನೂ ಬರೆದಿರಲಿಲ್ಲ. ಹೇಳಬಹುದಾಗಿದ್ದ ಕಥೆಯಂತೂ ಇತ್ತು. ಹೇಳಲಿಲ್ಲ. ನಾಲ್ಕು ಗಂಟೆಯಾಗುತ್ತಿತ್ತು. ಯುಗಾದಿ ಕಳೆಯಿತು, ರೋಗದ ಎರಡನೆಯ ಅಲೆ ಎದ್ದಿತು, ಔಷಧದ ಪೆಟ್ಟಿಗೆ ಬರುವುದು ವಿರಳವಾಯಿತು. ಮೇ ತಿಂಗಳಿನಲ್ಲಿ ಅವರಿಗೆ ಕೆಮ್ಮು ಬಂದು, ಪ್ರಾಣವಾಯುವಿನ ಕೊಳವೆ ಹಾಕಿ ಒಂಬತ್ತು ದಿನ ಇಟ್ಟಿದ್ದರು. ಒಂದು ದಾಕಿನಿಂದ ಅವರು ಉಳಿಯುತ್ತಿದ್ದರೆಂದು ಹೇಳಬಲ್ಲವನು ನಾನಲ್ಲ. ಹೆಣವನ್ನು ಮನೆಗೆ ತರಲಿಲ್ಲ.

ಪ್ಲವ ಸಂವತ್ಸರದ ಫಾಲ್ಗುಣದಲ್ಲಿ ಮತ್ತೆ ತಿಥಿ ಬಂದಾಗ ಪಿತೃಸ್ಥಾನಕ್ಕೆ ಬೇರೊಬ್ಬರಿಗೆ ಹೇಳಬೇಕಾಯಿತು. ಅವರು ಅಂಗಳಕ್ಕೆ ಬಂದು ನಿಂತೊಡನೆ, ಕುಶಲವನ್ನೂ ಕೇಳದೆ, ಎರಡೂ ದಾಕು ಆಗಿದೆಯೇ ಎಂದು ಕೇಳಿದೆನು. ಆಗಿದೆಯೆಂದರು. ಪುರೋಹಿತರು ನನ್ನ ಕಡೆ ನೋಡಿದರು. ನಾನು ಕಾಲು ತೊಳೆಯಲು ನೀರು ತರುವುದಕ್ಕೆ ಒಳಗೆ ಹೋದೆನು.