ಟ್ಯಾಂಕರಿನ ಹಿಂಬದಿಯ ಒಂದು ಪದ

ಇಂಗ್ಲಿಷ್ ಬೋಧನಾ ವಿಧಾನವನ್ನು ಆಯ್ದುಕೊಂಡ ಪ್ರಶಿಕ್ಷಣಾರ್ಥಿಗಳು ಅಭ್ಯಾಸ ಬೋಧನೆಗೆ ಹೊರಟಾಗ ಇಷ್ಟಪಟ್ಟು ಆರಿಸಿಕೊಳ್ಳುವ ವ್ಯಾಕರಣ ಪಾಠಗಳಲ್ಲಿ ಪೂರ್ವಪ್ರತ್ಯಯವೂ ಒಂದು. ಕಾರಣ ಊಹಿಸುವುದು ಕಷ್ಟವಲ್ಲ. ನಿಯಮ ಚಿಕ್ಕದು, ಉದಾಹರಣೆಗಳು ಬೇಕಾದಷ್ಟು, ನಲವತ್ತು ನಿಮಿಷದಲ್ಲಿ ಪಾಠ ಮುಗಿಯುತ್ತದೆ. ‘ಕರೆಕ್ಟ್’ಗೆ ‘ಇನ್‌ಕರೆಕ್ಟ್’, ‘ವಿಸಿಬಲ್’ಗೆ ‘ಇನ್‌ವಿಸಿಬಲ್’, ‘ಕಂಪ್ಲೀಟ್’ಗೆ ‘ಇನ್‌ಕಂಪ್ಲೀಟ್’. ಮೂರನೆಯ ಉದಾಹರಣೆಗೆ ಬರುವಷ್ಟರಲ್ಲಿ ಹಿಂದಿನ ಬೆಂಚಿನವರೂ ಕೈ ಎತ್ತಿರುತ್ತಾರೆ. ವೀಕ್ಷಣಾ ನಮೂನೆಯಲ್ಲಿ ವಿದ್ಯಾರ್ಥಿಗಳ ಭಾಗವಹಿಸುವಿಕೆಗೆ ಒಳ್ಳೆಯ ಅಂಕ ಬೀಳುತ್ತದೆ. ನಾನೂ ಧಾರಾಳವಾಗಿಯೇ ಹಾಕುತ್ತೇನೆ.

ಮಂಗಳೂರು–ಬೆಂಗಳೂರು ಹೆದ್ದಾರಿಯ ಬದಿಯ ಒಂದು ಪ್ರೌಢಶಾಲೆಯಲ್ಲಿ, 8ನೇ ತರಗತಿಗೆ ಈ ಪಾಠ ನಡೆಯುತ್ತಿದ್ದಾಗ ನಾನು ವೀಕ್ಷಣೆಗೆ ಕುಳಿತಿದ್ದೆ. ಪಾಠದ ಕೊನೆಯಲ್ಲಿ ಪ್ರಶಿಕ್ಷಣಾರ್ಥಿ, ‘ಇನ್’ನಿಂದ ಶುರುವಾಗುವ, ನೀವೇ ಎಲ್ಲಾದರೂ ನೋಡಿದ ಪದ ಹೇಳಿ ಎಂದರು. ಕಿಟಕಿಯ ಪಕ್ಕದ ಹುಡುಗ ಎದ್ದ.

“ಇನ್‌ಫ್ಲೇಮಬಲ್, ಮೇಡಂ. ಟ್ಯಾಂಕರಿನ ಹಿಂದೆ ಬರೆದಿರ್ತದೆ.”

“ಅರ್ಥ?”

“ಫ್ಲೇಮ್ ಅಂದ್ರೆ ಉರಿ. ಇನ್ ಅಂದ್ರೆ ಅಲ್ಲ. ಬೆಂಕಿ ಹಿಡಿಯದ್ದು.”

ಮುಂದಿನ ಸಾಲಿನ ಹುಡುಗಿ ಒಪ್ಪಲಿಲ್ಲ. ವಿಜ್ಞಾನದ ಸರ್ ಬೇಗ ಹೊತ್ತಿಕೊಳ್ಳುವುದು ಅಂತ ಹೇಳಿದ್ದಾರೆ ಎಂದಳು. ಹುಡುಗ ಕಪ್ಪುಹಲಗೆಯ ಕಡೆ ಕೈ ತೋರಿಸಿದ: “ಮತ್ತೆ ಅಲ್ಲಿ ಹಾಗೆ ಬರೆದುಂಟಲ್ಲ?” ಅಷ್ಟರಲ್ಲಿ ಗಂಟೆ ಹೊಡೆಯಿತು.

ಹುಡುಗನ ತರ್ಕದಲ್ಲಿ ಒಂದು ಕೊಂಡಿಯೂ ಸಡಿಲವಿರಲಿಲ್ಲ. ಕಲಿಸಿದ ನಿಯಮವನ್ನು ಹೊಸ ಪದಕ್ಕೆ ಅನ್ವಯಿಸಿದ್ದ. ನಮ್ಮ ಪಾಠ ಯೋಜನೆಗಳಲ್ಲಿ ‘ಅನ್ವಯ’ ಎಂದು ಬರೆದು ನಾವು ಬಯಸುವುದು ಅದನ್ನೇ. ಆದರೆ ಪದ ಇದ್ದದ್ದು ಟ್ಯಾಂಕರಿನ ಮೇಲೆ. ಅದೇ ಹೆದ್ದಾರಿಯಲ್ಲಿ, ಉಪ್ಪಿನಂಗಡಿ ಬಳಿಯ ಪೆರ್ನೆಯಲ್ಲಿ, 2013ರ ಏಪ್ರಿಲ್‌ನಲ್ಲಿ ಅನಿಲ ಟ್ಯಾಂಕರ್ ಮಗುಚಿ ಸೋರಿದ ಅನಿಲಕ್ಕೆ ಬೆಂಕಿ ತಗುಲಿತು. ರಸ್ತೆ ಬದಿಯ ಮನೆಗಳಿಗೂ ಉರಿ ಹಬ್ಬಿ ಜನ ಸತ್ತರು. ಅಂಥ ರಸ್ತೆಯನ್ನು ದಿನಾ ದಾಟಿ ಶಾಲೆಗೆ ಬರುವ ಮಕ್ಕಳು ಇವರು.

ಗೊಂದಲದ ಬೇರು ಲ್ಯಾಟಿನ್‌ನಲ್ಲಿದೆ. ಅಲ್ಲಿ ‘ಇನ್’ ಎರಡು. ಒಂದು ‘ಅಲ್ಲ’ ಎನ್ನುತ್ತದೆ, ಇನ್ನೊಂದು ‘ಒಳಗೆ, ಒಳಕ್ಕೆ’ ಎನ್ನುತ್ತದೆ. ಎರಡನೆಯದು ಸೇರಿ ಆದ ‘ಇನ್‌ಫ್ಲಮಾರೆ’ ಎಂಬ ಕ್ರಿಯಾಪದಕ್ಕೆ ಉರಿ ಹೊತ್ತಿಸು ಎಂಬ ಅರ್ಥ. ಗಾಯ ಕೆಂಪಗೆ ಊದಿ ಉರಿಯುವಾಗ ವೈದ್ಯರು ಹೇಳುವ ‘ಇನ್‌ಫ್ಲಮೇಶನ್’ ಬಂದದ್ದೂ ಅದರಿಂದಲೇ. ಹೀಗಾಗಿ ‘ಫ್ಲೇಮಬಲ್’, ‘ಇನ್‌ಫ್ಲೇಮಬಲ್’ ಎರಡಕ್ಕೂ ಅರ್ಥ ಒಂದೇ. ಬೆಂಕಿ ಹಿಡಿಯದ್ದಕ್ಕೆ ‘ನಾನ್‌ಫ್ಲೇಮಬಲ್’ ಎನ್ನಬೇಕು. ಇಂಗ್ಲಿಷ್ ಮಾತೃಭಾಷೆಯವರೂ ಇಲ್ಲಿ ಎಡವುತ್ತಾರೆಂದೇ ಅಮೆರಿಕದ ರಾಷ್ಟ್ರೀಯ ಅಗ್ನಿ ರಕ್ಷಣಾ ಸಂಘ 1920ರ ದಶಕದಲ್ಲಿ ‘ಫ್ಲೇಮಬಲ್’ ಬಳಸಿ ಎಂದು ಒತ್ತಾಯಿಸಿತು. ಬ್ರಿಟನ್ನಿನ ಮಾನಕ ಸಂಸ್ಥೆ 1959ರಲ್ಲಿ ಅದೇ ನಿಲುವು ತೆಗೆದುಕೊಂಡಿತು. ನಮ್ಮಲ್ಲಿ 1952ರ ಕೇಂದ್ರ ಕಾಯ್ದೆಯೊಂದರ ಹೆಸರೇ ‘ಇನ್‌ಫ್ಲೇಮಬಲ್ ಸಬ್‌ಸ್ಟೆನ್ಸಸ್ ಆಕ್ಟ್’. 8ನೇ ತರಗತಿಯಲ್ಲಿ ಹಲವು ವರ್ಷ ಓದಿಸಿದ ಎನ್‌ಸಿಇಆರ್‌ಟಿ ವಿಜ್ಞಾನ ಪುಸ್ತಕವೂ ಪೆಟ್ರೋಲ್, ಆಲ್ಕೋಹಾಲ್, ಅಡುಗೆ ಅನಿಲಗಳನ್ನು ಕರೆದದ್ದು ‘ಇನ್‌ಫ್ಲೇಮಬಲ್’ ಎಂದೇ. ಹಾಗಾಗಿ ಹಳೆಯ ಪದವನ್ನು ಬಿಟ್ಟುಬಿಡುವ ಸೌಕರ್ಯ ನಮ್ಮ ಮಕ್ಕಳಿಗಿಲ್ಲ.

ಪಾಠದ ನಂತರ ಪ್ರಶಿಕ್ಷಣಾರ್ಥಿ ಕೇಳಿದ್ದು ಇಷ್ಟು: “ಇದೊಂದು ಅಪವಾದ ಅಂತ ಹೇಳಿಬಿಟ್ಟರೆ ಸಾಕಾ ಸರ್?” ಸಾಲದು ಎಂದೆ. ಅಪವಾದಗಳ ಪಟ್ಟಿ ಪರೀಕ್ಷೆಯವರೆಗೆ ಮಾತ್ರ ಬದುಕುತ್ತದೆ. ಅದಕ್ಕಿಂತ ಮಕ್ಕಳಲ್ಲಿ ಈಗಾಗಲೇ ಇರುವ ಕನ್ನಡದಿಂದ ಹೊರಡುವುದು ಮೇಲು. ‘ಅಮೂಲ್ಯ’ ಎಂದರೆ ಬೆಲೆಯಿಲ್ಲದ ಕಸ ಎಂದು ಯಾವ ಮಗುವೂ ತಿಳಿಯುವುದಿಲ್ಲ, ಮೊದಲಲ್ಲಿ ‘ಅ’ ಇದ್ದರೂ. ‘ವಿಫಲ’ದಲ್ಲಿ ಫಲ ಇಲ್ಲ, ಆದರೆ ‘ವಿಜ್ಞಾನ’ದಲ್ಲಿ ಜ್ಞಾನ ಇಲ್ಲವೇ? ಈ ಪ್ರಶ್ನೆಗೆ ತರಗತಿ ನಗುತ್ತದೆ. ಆ ನಗುವಿನ ಹಿಂದೆಯೇ ‘ಇನ್’ಗೂ ಎರಡು ಕೆಲಸ ಇದೆ ಎಂದರೆ ಬೇರೆ ವಿವರಣೆ ಹೆಚ್ಚು ಬೇಕಾಗುವುದಿಲ್ಲ.

ಮೌಲ್ಯಮಾಪನದ ಪ್ರಶ್ನೆಯನ್ನೂ ಬದಲಿಸಿ ಎಂದೆ. ‘ಅರ್ಥ ಬರೆಯಿರಿ’ ಎಂಬುದು ಈ ಪದಕ್ಕೆ ತೀರಾ ಸಪ್ಪೆ. ‘ಈ ಪದ ಬರೆದ ಡಬ್ಬ ನಿಮ್ಮ ಮನೆಯ ಒಲೆಯ ಪಕ್ಕದಲ್ಲಿದೆ. ಏನು ಮಾಡುತ್ತೀರಿ?’ ಎಂದು ಕೇಳಿದರೆ ಅರ್ಥ ತಿಳಿದಿದೆಯೋ ಇಲ್ಲವೋ ಗೊತ್ತಾಗುತ್ತದೆ.

ಅವರು ನನಗಿಂತ ಒಂದು ಹೆಜ್ಜೆ ಮುಂದೆ ಹೋದರು. ಮನೆಯ ಡಬ್ಬ, ಬಾಟಲಿಗಳ ಮೇಲಿನ ಎಚ್ಚರಿಕೆಯ ಪದಗಳನ್ನು ನೋಡಿ ಬರೆದುಕೊಂಡು ಬನ್ನಿ ಎಂದು ಮಕ್ಕಳಿಗೆ ಹೇಳಿ, ಮುಂದಿನ ವಾರ ವಿಜ್ಞಾನದ ಮೇಷ್ಟ್ರನ್ನೂ ತರಗತಿಗೆ ಕರೆದರು. ನಮ್ಮ ಪಾಠ ಯೋಜನೆಯ ನಮೂನೆಯಲ್ಲಿ ಇಬ್ಬರು ಶಿಕ್ಷಕರಿಗೆ ಜಾಗವಿಲ್ಲ, ಅಂಚಿನಲ್ಲಿ ಬರೆದುಕೊಂಡಿದ್ದರು. ಪೇಂಟಿನ ತಿನ್ನರ್, ಸ್ಯಾನಿಟೈಸರ್, ಸೊಳ್ಳೆಗೆ ಹೊಡೆಯುವ ಸ್ಪ್ರೇ, ಅಕ್ಕನ ನೇಲ್ ಪಾಲಿಶ್. ಕೆಲವದರ ಮೇಲೆ ‘ಫ್ಲೇಮಬಲ್’, ಕೆಲವದರ ಮೇಲೆ ‘ಇನ್‌ಫ್ಲೇಮಬಲ್’. ಎರಡನ್ನೂ ಹಲಗೆಯ ಮೇಲೆ ಒಂದೇ ಗೆರೆಯ ಕೆಳಗೆ ಬರೆಸಿದರು. ಕಿಟಕಿಯ ಪಕ್ಕದ ಹುಡುಗನೇ ಎದ್ದು ಬರೆದ.

ಆಗ ಒಬ್ಬಳು ಸ್ಪ್ರೇ ಡಬ್ಬದ ಮೇಲಿದ್ದುದನ್ನು ಓದಿ ಹೇಳಿದಳು: ಬಳಸಿ ಮುಗಿದ ಮೇಲೂ ಚುಚ್ಚಬೇಡಿ, ಸುಡಬೇಡಿ. “ಖಾಲಿ ಆದ ಮೇಲೆ ಯಾಕೆ ಮೇಡಂ?” ನನಗೆ ಬೆಂಜಮಿನ್ ಲೀ ವೋರ್ಫ್ ನೆನಪಾದ. ಭಾಷಾಶಾಸ್ತ್ರಜ್ಞನೆಂದು ಹೆಸರಾದ ಆತ ಹೊಟ್ಟೆಪಾಡಿಗೆ ಅಗ್ನಿ ವಿಮಾ ಕಂಪನಿಯಲ್ಲಿ ದುಡಿಯುತ್ತಿದ್ದ. ಪೆಟ್ರೋಲ್ ತುಂಬಿದ ಪೀಪಾಯಿಗಳ ಹತ್ತಿರ ಎಚ್ಚರವಾಗಿರುವ ಜನ ‘ಖಾಲಿ’ ಪೀಪಾಯಿಗಳ ಹತ್ತಿರ ಸಲೀಸಾಗಿ ಸಿಗರೇಟು ಸೇದುತ್ತಾರೆ, ಅದರೊಳಗೆ ಉಳಿದ ಆವಿ ಹೆಚ್ಚು ಅಪಾಯಕಾರಿಯಾಗಿದ್ದರೂ, ಎಂದು ಆತ ಗಮನಿಸಿದ್ದ. ಹಿಂದಿನ ಬೆಂಚಿನಲ್ಲಿ ಕುಳಿತ ನಾನು ಬಾಯಿ ಹಾಕಲಿಲ್ಲ. ವಿಜ್ಞಾನದ ಮೇಷ್ಟ್ರು ಸೀಮೆಸುಣ್ಣ ಎತ್ತಿಕೊಂಡು ಹಲಗೆಯ ಇನ್ನೊಂದು ಬದಿಯಲ್ಲಿ ಡಬ್ಬದ ಚಿತ್ರ ಬರೆಯತೊಡಗಿದರು. ಪ್ರಶಿಕ್ಷಣಾರ್ಥಿ ಅದರ ಕೆಳಗೆ ‘ಎಂಪ್ಟಿ’ ಎಂದು ಬರೆದು, ಪಕ್ಕದಲ್ಲೊಂದು ಪ್ರಶ್ನಾರ್ಥಕ ಚಿಹ್ನೆ ಹಾಕಿದರು.