ಸುಟ್ಟ ಸಕ್ಕರೆಯ ಶರಬತ್ತು

ನಮ್ಮ ಮನೆಯ ಲಿಂಬೆ ಶರಬತ್ತು ಚಹಾದ ಬಣ್ಣದ್ದು. ಮೊದಲ ಸಲ ನೋಡಿದವರು ಅನುಮಾನದಿಂದಲೇ ಲೋಟ ಎತ್ತುತ್ತಾರೆ. ಅಮ್ಮಿ ಸಕ್ಕರೆಯನ್ನು ಬರೀ ನೀರಿನಲ್ಲಿ ಕರಗಿಸುವುದಿಲ್ಲ, ಮೊದಲು ಸುಡುತ್ತಾರೆ.

ದಪ್ಪ ತಳದ ಪಾತ್ರೆಗೆ ಒಂದು ಬಟ್ಟಲು ಸಕ್ಕರೆ ಹಾಕಿ ಸಣ್ಣ ಉರಿಯಲ್ಲಿಡಬೇಕು. ಅಂಚಿನಲ್ಲಿ ಕರಗತೊಡಗಿದಾಗ ಪಾತ್ರೆಯನ್ನು ಮೆಲ್ಲಗೆ ಅಲುಗಿಸಬೇಕು. ಸುಮಾರು 160 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಸಕ್ಕರೆಗೆ ಬಣ್ಣವೂ ಪರಿಮಳವೂ ತುಸು ಕಹಿಯೂ ಹುಟ್ಟುತ್ತವೆ ಎಂದು ಓದಿದ್ದೇನೆ. ಅಮ್ಮಿಯ ಬಳಿ ಥರ್ಮಾಮೀಟರ್ ಇಲ್ಲ, ಮೂಗಿದೆ. ಜೇನಿನ ಬಣ್ಣ ದಾಟಿ ಚಹಾದ ಬಣ್ಣಕ್ಕೆ ಬಂದ ಕೂಡಲೇ ಒಲೆ ಆರಿಸಿ, ಒಂದು ಬಟ್ಟಲು ಬಿಸಿನೀರನ್ನು ದೂರ ನಿಂತು ಸ್ವಲ್ಪ ಸ್ವಲ್ಪವೇ ಸುರಿಯುತ್ತಾರೆ. ತಣ್ಣೀರಾದರೆ ಪಾಕ ಜೋರಾಗಿ ಸಿಡಿಯುತ್ತದೆ, ತಳಕ್ಕೆ ಗಟ್ಟಿಯಾಗಿ ಅಂಟುತ್ತದೆ. ನನ್ನ ಎಡಗೈ ಮೇಲಿನ ಕಲೆ ಹಾಗೆ ಬಂದದ್ದು. ಪಾಕ ಆರಿದ ಮೇಲೆಯೇ ಲಿಂಬೆರಸ. ಲೋಟಕ್ಕೆ ಮೂರು ದೊಡ್ಡ ಚಮಚ ಪಾಕ, ಅರ್ಧ ಲಿಂಬೆ, ಚಿಟಿಕೆ ಉಪ್ಪು, ನೆನೆಸಿದ ಸಬ್ಜಾ, ಗಡಿಗೆಯ ನೀರು.

ವಿಜಯಪುರದ ಬೇಸಿಗೆಯ ರಂಜಾನಿನಲ್ಲಿ ಈ ಶರಬತ್ತಿನ ಒಂದು ಜಗ್ಗು ಪಕ್ಕದ ಮನೆಯ ಕಾಕುಗೆ ಹೋಗುತ್ತಿತ್ತು. ರಾಮನವಮಿಗೆ ಅಲ್ಲಿಂದ ಪಾನಕ, ಕೋಸಂಬರಿ ಬರುತ್ತಿತ್ತು. ಯಾರೂ ಇದಕ್ಕೆ ಸೌಹಾರ್ದ ಎಂದು ಹೆಸರಿಟ್ಟಿರಲಿಲ್ಲ.

2022ರಲ್ಲಿ ಏಪ್ರಿಲ್ 3ಕ್ಕೆ ರೋಜಾ ಶುರುವಾಯಿತು. 10ಕ್ಕೆ ರಾಮನವಮಿ. ಅದಕ್ಕೂ ಮುಂಚೆ ಹಿಜಾಬಿನ ವಿವಾದ, ಮಾರ್ಚ್ 15ರ ಹೈಕೋರ್ಟ್ ತೀರ್ಪು, ಜಾತ್ರೆಗಳಲ್ಲಿ ಮುಸ್ಲಿಂ ವ್ಯಾಪಾರಿಗಳು ಬೇಡವೆಂಬ ಫಲಕಗಳು. ಟಿವಿ ಹಚ್ಚಲು ಹೆದರಿಕೆಯಾಗುತ್ತಿತ್ತು. ಮೊದಲ ರೋಜಾದಂದು ಅಮ್ಮಿ ಜಗ್ಗು ತೊಳೆದಿಟ್ಟಾಗ ನಾನು, “ಲಿಂಬೆ ತುಟ್ಟಿಯಾಗಿದೆ, ಈ ಸಲ ಮನೆಗಷ್ಟೇ ಸಾಕು” ಎಂದೆ. ಆ ವರ್ಷ ಲಿಂಬೆಯ ಬೆಲೆ ಏರಿದ್ದು ನಿಜ. ಆದರೆ ನನ್ನ ಮಾತು ಸುಳ್ಳು. ಜಗ್ಗು ಬಾಗಿಲಿನಿಂದಲೇ ವಾಪಸ್ ಬಂದರೆ ಎಂಬುದು ನನ್ನ ಭಯ. ಅಮ್ಮಿ ಏನೂ ಹೇಳಲಿಲ್ಲ. ಒಂದು ವಾರ ಜಗ್ಗು ಕಪಾಟಿನಲ್ಲೇ ಉಳಿಯಿತು.

ನವಮಿಯ ದಿನ ಮಧ್ಯಾಹ್ನ ಕಳೆದರೂ ಪಾನಕ ಬರಲಿಲ್ಲ. ಸಂಜೆ ಒಲೆಯ ಮುಂದೆ ನಿಂತ ನನ್ನ ಕಿವಿಯೆಲ್ಲ ಬಾಗಿಲ ಕಡೆಗಿತ್ತು. ಸಕ್ಕರೆ ಕರಕಲಾಯಿತು. ಅಮ್ಮಿ ಬಂದು ಅದನ್ನು ಚೆಲ್ಲಿ, ಬೇರೆ ಪಾತ್ರೆಯಿಟ್ಟು ಹೊಸ ಪಾಕ ಮಾಡಿದರು. ಅದು ಆರುತ್ತಲೇ ಜಗ್ಗು ತುಂಬಿಸಿ, ದುಪಟ್ಟಾ ಹೊದ್ದು, ನನ್ನನ್ನು ಕೇಳದೆ ಹೊರಟುಬಿಟ್ಟರು. ನಾನು ಹಿಂದೆಯೇ ಓಡಿದೆ.

ಕಾಕು ಬಾಗಿಲು ತೆರೆದರು. ಜಗ್ಗನ್ನು ನೋಡಿ ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಒಳಗೆ ಹೋಗಿ ತಟ್ಟೆ ಮುಚ್ಚಿಟ್ಟ ತಂಬಿಗೆ ತಂದರು.

“ರೋಜಾ ಇರ್ತೀರಿ, ಹೊತ್ತು ಮುಣುಗಿದ ಮ್ಯಾಲೆ ಕೊಟ್ರಾತು ಅಂತ ಇಟ್ಟಿದ್ದೆ. ಯಾಕವ್ವಾ, ಈ ಸಲ ನಿಮ್ಮ ಶರಬತ್ತು ಇಷ್ಟು ತಡಾ?”

“ಲಿಂಬೆ ತುಟ್ಟಿ ಆಗ್ಯಾವ್ರಿ ಕಾಕು” ಎಂದರು ಅಮ್ಮಿ, ನನ್ನ ಮುಖ ನೋಡದೆ.

ಕಾಕು ನಿಜಕ್ಕೂ ಸಂಜೆಗೆಂದೇ ಕಾಯ್ದಿದ್ದರೋ, ನನ್ನ ಹಾಗೆ ಅವರಿಗೂ ಒಂದು ಲಿಂಬೆಯ ಬೆಲೆ ಬೇಕಾಗಿತ್ತೋ, ನಾನು ಇವತ್ತಿಗೂ ಕೇಳಿಲ್ಲ. ಅವತ್ತು ಖರ್ಜೂರದ ಜೊತೆ ಬೆಲ್ಲದ ಪಾನಕದಿಂದಲೇ ರೋಜಾ ಬಿಟ್ಟೆವು. ಕರಕಲು ಹಿಡಿದ ಪಾತ್ರೆಯನ್ನು ಉಜ್ಜುವುದಕ್ಕೆ ನನಗೆ ಎರಡು ದಿನ ಹಿಡಿಯಿತು.