ಆಕಾಶದ ಕಬ್ಬಿಣವೂ ಮಧುಗಿರಿಯ ಕಿಟ್ಟವೂ

"ಮುಂಬಯಿಗೆ ಬಂದವರು ಚಿನ್ನ ಕೂಡಿಟ್ಟರು, ನೀವು ಕಬ್ಬಿಣ ಕೂಡಿಟ್ರಿ" ಅಂತ ನನ್ನವಳು ಬಂದವರ ಮುಂದೆಲ್ಲ ಹೇಳುತ್ತಾಳೆ. ಸುಳ್ಳಲ್ಲ ಬಿಡಿ. ನನ್ನ ಹತ್ತಿರ ಇರುವುದು ಮೂರು ತುಂಡು ಉಲ್ಕಾ ಕಬ್ಬಿಣ. ಮಳೆಗಾಲ ಶುರುವಾಯಿತೆಂದರೆ ಅವಕ್ಕೆ ತುಕ್ಕಿನ ಕಾಟ. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ, ಎಣ್ಣೆ ಸವರಿ, ಕೂಸಿನ ಹಾಗೆ ನೋಡಿಕೊಳ್ಳಬೇಕು.

ಒಂದು ತುಂಡು ಸಿಖೋಟೆ-ಅಲೀನ್‌ನದು. 1947ರ ಫೆಬ್ರವರಿ 12ರಂದು, ಹಾಡುಹಗಲಲ್ಲಿ, ಸೋವಿಯತ್ ರಷ್ಯಾದ ಪೂರ್ವದ ಕಾಡಿನಲ್ಲಿ ಬಿದ್ದದ್ದು. ಮೈಮೇಲೆ ಹಸಿ ಹಿಟ್ಟಿಗೆ ಹೆಬ್ಬೆರಳು ಒತ್ತಿದ ಹಾಗೆ ಗುಳಿಗಳು. ಇನ್ನೆರಡು ಕೊಯ್ದ ಬಿಲ್ಲೆಗಳು: ಒಂದು ನಮೀಬಿಯಾದ ಗಿಬಿಯನ್, ಮತ್ತೊಂದು ಉತ್ತರ ಸ್ವೀಡನ್ನಿನ ಮುವೋನಿಯೋನಲುಸ್ತಾ.

ಬಿಲ್ಲೆಯನ್ನು ನಯಗೊಳಿಸಿ ಆಸಿಡ್ ಸವರಿದರೆ ಅಡ್ಡಾದಿಡ್ಡಿ ಗೆರೆಗಳ ಹೆಣಿಗೆ ಮೂಡುತ್ತದೆ, ಚಾಪೆ ನೇಯ್ದಂತೆ. ವಿಯೆನ್ನಾದ ವಿಡ್ಮನ್‌ಸ್ಟಾಟನ್ 1808ರಲ್ಲಿ ಇದನ್ನು ಗಮನಿಸಿದ್ದರಿಂದ ಅದಕ್ಕೆ ಅವರದೇ ಹೆಸರು. ನಿಕ್ಕಲ್ ಕಡಿಮೆ ಇರುವ ಮತ್ತು ಹೆಚ್ಚು ಇರುವ ಎರಡು ಬಗೆಯ ಹರಳುಗಳು ಬೇರ್ಪಟ್ಟು ನಿಂತದ್ದೇ ಆ ಗೆರೆಗಳು. ಹಾಗೆ ಬೇರ್ಪಡಲು ಕಬ್ಬಿಣ ಹತ್ತು ಲಕ್ಷ ವರ್ಷಕ್ಕೆ ನೂರೋ ಸಾವಿರವೋ ಡಿಗ್ರಿಯಂತೆ, ಅಷ್ಟು ನಿಧಾನ ಆರಬೇಕು. ಯಾವ ಕಾರ್ಖಾನೆಗೆ ಅಷ್ಟು ಪುರುಸೊತ್ತಿದೆ ಹೇಳಿ? ಅದು ಸಾಧ್ಯವಾದದ್ದು ಸೌರಮಂಡಲದ ಮೊದಲ ದಿನಗಳಲ್ಲಿ ಕರಗಿ, ಆಮೇಲೆ ಒಡೆದು ಚೂರಾದ ಪುಟ್ಟ ಗ್ರಹಗಳ ಒಳಗೆ.

ನನಗೆ ಹುಚ್ಚು ಹಿಡಿಸಿದ್ದು ಮಾತ್ರ ಬೇರೆ ಸಂಗತಿ. ಉಲ್ಕೆಗೆ ಹೆಸರಿಡುವುದು ಅದು ಸಿಕ್ಕ ಊರಿನಿಂದ, ಹುಟ್ಟಿದ ಜಾಗದಿಂದಲ್ಲ. ಹುಟ್ಟು ತಿಳಿಯಬೇಕಾದರೆ ನಿಕ್ಕಲ್, ಗ್ಯಾಲಿಯಂ, ಜರ್ಮೇನಿಯಂ, ಇರಿಡಿಯಂ ಎಷ್ಟೆಷ್ಟಿದೆ ಅಂತ ಅಳೆಯಬೇಕು. ಹಾಗೆ ಅಳೆದಾಗ ಗಿಬಿಯನ್ನೂ ಮುವೋನಿಯೋನಲುಸ್ತಾವೂ ಒಂದೇ ಗುಂಪಿಗೆ ಸೇರಿದವು. ಒಂದು ಆಫ್ರಿಕಾದಲ್ಲಿ, ಇನ್ನೊಂದು ಯುರೋಪಿನ ತುತ್ತತುದಿಯಲ್ಲಿ... ಮೂಲ ನೋಡಿದರೆ ಒಂದೇ ಮನೆಯವು!

ಇದನ್ನೆಲ್ಲ ಕನ್ನಡ ಸಂಘದಲ್ಲಿ ಹೇಳಿದ್ದು ಕೇಳಿ, ಮಧುಗಿರಿ ಕಡೆಯ ಹಿರಿಯ ಗೆಳೆಯರೊಬ್ಬರು ಒಂದು ಭಾನುವಾರ ಚೀಲ ಹಿಡಿದು ಮನೆಗೆ ಬಂದರು. ಒಳಗೆ ಕುಂಕುಮ ಮೆತ್ತಿದ ಕರಿ ಗುಂಡು. "ಸಿಡಿಲಿನ ಜೊತೆ ಆಕಾಶದಿಂದ ಬಿತ್ತು ಅಂತ ನಮ್ಮಪ್ಪ ಹೇಳ್ತಿದ್ರು ಸಾರ್. ಊರಿನ ಮನೆ ಮಾರಿದಾಗ ನಾನು ತಂದಿದ್ದು ಇದೊಂದನ್ನೇ. ನಿಜ ಏನು ಅಂತ ನೋಡಿ ಹೇಳಿ."

ನೋಡಿದೆ. ಕಬ್ಬಿಣದ ಉಲ್ಕೆಗೆ ಇರಬೇಕಾದ ತೂಕವಿಲ್ಲ. ಅಯಸ್ಕಾಂತ ಹಿಡಿದೂ ಹಿಡಿಯದ ಹಾಗೆ. ಅವರ ಒಪ್ಪಿಗೆ ಕೇಳಿ ಮೂಲೆಯಲ್ಲಿ ಅರ ಹಾಕಿದೆ: ಗಾಜಿನಂಥ ಹೊಳಪು, ತುಂಬ ಗುಳ್ಳೆ. ನಿಕ್ಕಲ್ ಪರೀಕ್ಷೆಯಲ್ಲಿ ಹತ್ತಿ ಗುಲಾಬಿ ಆಗಬೇಕಿತ್ತು, ಬೆಳ್ಳಗೇ ಉಳಿಯಿತು. ಅದು ಕಿಟ್ಟ, ಅದಿರು ಕರಗಿಸುವಾಗ ಉಳಿಯುವ ಕಸ.

ಕಾಫಿ ಆರುವವರೆಗೆ ಬಾಯಿ ಬರಲಿಲ್ಲ ನನಗೆ. ತೀರಿಹೋದ ತಂದೆಯ ಮಾತು ಅದು. 'ಇರಬಹುದು' ಅಂದುಬಿಟ್ಟಿದ್ದರೆ ಯಾರಿಗೇನು ನಷ್ಟ? ಆದರೆ ನಿಜ ಹೇಳಿ ಅಂತಲೇ ಅವರು ಬಂದದ್ದು. ಹೇಳಿದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, "ಹಂಗಾದ್ರೆ ಇದು ಎಲ್ಲೀದು?" ಅಂದರು.

ಅದಕ್ಕೆ ನನ್ನಲ್ಲಿ ಉತ್ತರವಿತ್ತು. 1800-01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್, ಮಧುಗಿರಿ, ಚನ್ನರಾಯನದುರ್ಗದ ಸುತ್ತ ಕಬ್ಬಿಣ ಕರಗಿಸುತ್ತಿದ್ದುದನ್ನು ಕಂಡು ಬರೆದಿದ್ದಾರೆ. ಮಳೆಗಾಲದಲ್ಲಿ ಬಂಡೆಗಳಿಂದ ಹಳ್ಳಕ್ಕೆ ಹರಿದು ಬರುವ ಕಪ್ಪು ಮರಳೇ ಅವರ ಅದಿರು. ನಿಮ್ಮ ಗುಂಡು ಅಂಥದೊಂದು ಕುಲುಮೆಯದೇ ಇರಬೇಕು, ಅಂದೆ. ನಿಜವಾದ ಉಲ್ಕೆಯಾಗಿದ್ದರೆ ಜಿಯಾಲಾಜಿಕಲ್ ಸರ್ವೆಗೆ ತಿಳಿಸಬೇಕಾಗುತ್ತಿತ್ತು, ನಮ್ಮ ದೇಶದಲ್ಲಿ ಬಿದ್ದ ಉಲ್ಕೆಗಳ ಪಾಲಕರು ಅವರೇ, ಅಂತಲೂ ಹೇಳಿದೆ.

"ಅಂದ್ರೆ ಇದು ನಮ್ಮನೇಲೇ ಇರ್ಬೋದು" ಅಂತ ಅವರು ಗುಂಡನ್ನು ಚೀಲಕ್ಕೆ ಹಾಕಿಕೊಂಡರು. ದೇವರ ಗೂಡಿಗೆ ವಾಪಸು ಹೋಯಿತೋ ಇಲ್ಲವೋ, ನಾನು ಕೇಳಿಲ್ಲ.

ನಿಮ್ಮ ಅಟ್ಟದ ಮೇಲೂ ಇಂಥದೊಂದು ಇದ್ದರೆ ಮೊದಲು ಒಂದು ಚೀಟಿ ಬರೆದಿಡಿ: ಯಾವ ಊರು, ಯಾವ ಹೊಲ, ಯಾರಿಗೆ ಸಿಕ್ಕಿತು. ಕಬ್ಬಿಣದೊಳಗಿನದನ್ನು ಲ್ಯಾಬಿನವರು ನೂರು ವರ್ಷ ಬಿಟ್ಟೂ ಓದುತ್ತಾರೆ. ಚೀಟಿಯಲ್ಲಿರುವುದನ್ನು ನೀವಲ್ಲದೆ ಬೇರೆ ಯಾರೂ ಹೇಳಲಾರರು.